ಸಣ್ಣ ಯಂತ್ರಕ್ಕೆ ಎಷ್ಟು ಓಟ ಬೇಕು?
ಲಿನಕ್ಸಿನಲ್ಲಿ ಪ್ರೊಸೆಸರಿನ ವಿದ್ಯುತ್ತನ್ನು ಆಳುವ ಕ್ರಮ: ಒಂದು ಪಾಠ

ಅಂಗೈಯಗಲದ ಗಣಕಯಂತ್ರಗಳು ಈಗ ನಮ್ಮವರ ಮನೆಗಳಿಗೆ ಧಾರಾಳವಾಗಿ ಬಂದಿವೆ. ಒಬ್ಬರು ಅದನ್ನು ಮಕ್ಕಳ ಅಭ್ಯಾಸಕ್ಕೆಂದು ತಂದಿದ್ದಾರೆ. ಇನ್ನೊಬ್ಬರು ಹಳೆಯ ಸಂಗೀತದ ಸಂಗ್ರಹವನ್ನು ತುಂಬಿಡಲು. ಮತ್ತೊಬ್ಬರು ಮಾಳಿಗೆಯ ಮೇಲಿನ ನೀರಿನ ಟಾಂಕಿಯ ಮಟ್ಟವನ್ನು ನೋಡಿಕೊಳ್ಳಲು. ವಾಚನಾಲಯದಲ್ಲಿ ಪುಸ್ತಕಗಳ ಪಟ್ಟಿಯನ್ನು ತೋರಿಸುವುದಕ್ಕೂ ಇಂಥದೊಂದು ಸಾಕು. ಇವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ. ಯಂತ್ರವನ್ನು ಕೊಂಡವರು ಗುಂಡಿ ಒತ್ತಿ ನಡೆಸುತ್ತಾರೆ. ಅದರ ಪ್ರೊಸೆಸರು ಯಾವ ವೇಗದಲ್ಲಿ ಓಡಬೇಕು, ಯಾವಾಗ ನಿಧಾನಿಸಬೇಕು ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕೆಂಬುದು ಅವರಿಗೆ ತಿಳಿಯದು ಕೂಡ. ಆದರೂ ಯಾರೋ ಒಬ್ಬರು ಎಲ್ಲಿಯೋ ಕುಳಿತು ಅದನ್ನು ಮೊದಲೇ ಗೊತ್ತುಮಾಡಿ ಇಟ್ಟಿದ್ದಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಡಿಫಾಲ್ಟ್ ಎನ್ನುತ್ತಾರೆ. ನಾವು ಈ ಪಾಠದಲ್ಲಿ ‘ಮೊದಲಿಟ್ಟ ಕ್ರಮ’ ಎಂದು ಕರೆಯೋಣ.

ಮೊದಲಿಟ್ಟ ಕ್ರಮವನ್ನು ಆಮೇಲೆ ಬದಲಿಸುವವರು ವಿರಳ. ಆದುದರಿಂದ ಅದನ್ನು ಆರಿಸುವವನು ತನಗಾಗಿ ಆರಿಸುತ್ತಿಲ್ಲ. ಎಂದೂ ಕೇಳದ, ಎಂದೂ ದೂರದ ಸಹಸ್ರಾರು ಜನರಿಗಾಗಿ ಆರಿಸುತ್ತಾನೆ. ಯಂತ್ರ ಬಿಸಿಯಾದರೆ ಅವರು ಬೇಸಿಗೆಯನ್ನು ಬಯ್ಯುತ್ತಾರೆ. ನಿಧಾನವಾದರೆ ಅಂಗಡಿಯವನನ್ನು ಬಯ್ಯುತ್ತಾರೆ. ನಮ್ಮ ವಾಚಕರಲ್ಲಿ ಇಂಥ ಯಂತ್ರಗಳನ್ನು ಇತರರಿಗಾಗಿ ಸಿದ್ಧಪಡಿಸಿ ಕೊಡುವ ತರುಣರು ಈಗ ಸಾಕಷ್ಟು ಮಂದಿ ಇದ್ದಾರೆ. ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಬರೆಯುತ್ತಿದ್ದೇವೆ. ಉಳಿದವರು ಓದಿದರೂ ನಷ್ಟವೇನಿಲ್ಲ. ಕೂಡಿಸಿ ಗುಣಿಸಲು ಬಂದರೆ ಇಲ್ಲಿನ ಲೆಕ್ಕಗಳೆಲ್ಲ ತಿಳಿಯುತ್ತವೆ.

ಪ್ರೊಸೆಸರಿನ ವೇಗವನ್ನು ಆಳುವ ಲಿನಕ್ಸಿನ ಭಾಗಕ್ಕೆ ‘ಗವರ್ನರ್’ ಎಂದು ಹೆಸರು. ಹಿಟ್ಟಿನ ಗಿರಣಿಯ ಎಣ್ಣೆ ಎಂಜಿನನ್ನು ಕಂಡವರಿಗೆ ಈ ಹೆಸರು ಹೊಸದಲ್ಲ. ಎಂಜಿನ್ ವೇಗವಾಗಿ ತಿರುಗಿದರೆ ಗವರ್ನರಿನ ಗುಂಡುಗಳು ಹೊರಕ್ಕೆ ಹಾರಿ ಎಣ್ಣೆಯನ್ನು ತಗ್ಗಿಸುತ್ತವೆ. ಜೋಳದ ಹೊರೆ ಬಿದ್ದು ವೇಗ ಕುಗ್ಗಿದರೆ ಗುಂಡುಗಳು ಒಳಕ್ಕೆ ಬಂದು ಎಣ್ಣೆಯನ್ನು ಹೆಚ್ಚಿಸುತ್ತವೆ. ಹೆಸರು ಒಂದೇ ಆದರೂ ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಗಿರಣಿಯ ಗವರ್ನರು ವೇಗವನ್ನು ಒಂದೇ ಸಮನಾಗಿ ಇರಿಸಲು ಎಣ್ಣೆಯನ್ನು ಬದಲಿಸುತ್ತದೆ. ಲಿನಕ್ಸಿನ ಗವರ್ನರು ಹೊರೆಯನ್ನು ನೋಡಿ ವೇಗವನ್ನೇ ಬದಲಿಸುತ್ತದೆ.

ವೇಗವನ್ನು ತಗ್ಗಿಸಿದರೆ ವಿದ್ಯುತ್ತು ಉಳಿಯುವುದು ಹೇಗೆ? ಪ್ರೊಸೆಸರಿನೊಳಗೆ ಕೋಟ್ಯಂತರ ಸಣ್ಣ ಸ್ವಿಚ್ಚುಗಳಿವೆ. ಗಡಿಯಾರದ ಪ್ರತಿಯೊಂದು ಮಿಡಿತಕ್ಕೂ ಅವುಗಳಲ್ಲಿ ಹಲವು ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಅತಿ ಸಣ್ಣದೊಂದು ವಿದ್ಯುತ್ ಪಾತ್ರೆ ತುಂಬಿ ಬರಿದಾಗುತ್ತದೆ. ಹೀಗೆ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗದಂತೆ ಏರುತ್ತದೆ. ಸೆಕೆಂಡಿಗೆ ಎಷ್ಟು ಮಿಡಿತ ಎಂಬುದರಿಂದ ಅದನ್ನು ಗುಣಿಸಿದರೆ ಪ್ರೊಸೆಸರು ದುಡಿಯುವಾಗ ಉಣ್ಣುವ ವ್ಯಾಟಿನ ಅಳತೆ ಸಿಕ್ಕುತ್ತದೆ. ವೇಗ ಹೆಚ್ಚಾದರೆ ಸ್ವಿಚ್ಚುಗಳು ಬೇಗ ಬೇಗ ತಿರುಗಬೇಕಾಗಿ, ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಉಳಿತಾಯದ ಗುಟ್ಟು ಇರುವುದು ಈ ವೋಲ್ಟೇಜಿನಲ್ಲಿ. ವೇಗವನ್ನು ಮಾತ್ರ ಅರ್ಧಮಾಡಿ ವೋಲ್ಟೇಜನ್ನು ಇದ್ದಷ್ಟೇ ಬಿಟ್ಟರೆ ವ್ಯಾಟು ಅರ್ಧವಾಗುತ್ತದೆ, ನಿಜ; ಆದರೆ ಕೆಲಸಕ್ಕೆ ಎರಡರಷ್ಟು ಹೊತ್ತು ಹಿಡಿಯುವುದರಿಂದ ಒಟ್ಟು ಖರ್ಚು ಅಷ್ಟೇ ಆಗುತ್ತದೆ. ಮೇಲಾಗಿ, ಕೆಲಸವಿರಲಿ ಬಿಡಲಿ ಸ್ವಿಚ್ಚುಗಳ ಮೂಲಕ ಸದಾ ಸೋರುವ ಒಂದಿಷ್ಟು ವಿದ್ಯುತ್ತು ಇದ್ದೇ ಇರುತ್ತದೆ. ಹೊತ್ತು ಹೆಚ್ಚಿದಷ್ಟೂ ಆ ಸೋರಿಕೆಯೂ ಹೆಚ್ಚು.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಪಾಠಕ್ಕೆಂದು ಆರಿಸಿದವು. ಯಾವುದೊಂದು ಯಂತ್ರದವೂ ಅಲ್ಲ. ಪ್ರೊಸೆಸರು 1200 ಮೆಗಾಹರ್ಟ್ಸ್ ವೇಗದಲ್ಲಿ, 1.2 ವೋಲ್ಟಿನಲ್ಲಿ, 2 ವ್ಯಾಟ್ ಉಣ್ಣುತ್ತದೆ ಎಂದಿಟ್ಟುಕೊಳ್ಳಿ. 600 ಮೆಗಾಹರ್ಟ್ಸಿಗೆ 1.0 ವೋಲ್ಟ್ ಸಾಕು. ಒಂದು ಕೆಲಸ ಪೂರ್ಣ ವೇಗದಲ್ಲಿ 1 ಸೆಕೆಂಡಿನಲ್ಲಿ ಮುಗಿದರೆ ಖರ್ಚು 2 ಜೂಲ್. ಅರ್ಧ ವೇಗದಲ್ಲಿ ವ್ಯಾಟು ಅರ್ಧವಾಗಿ, ಮತ್ತೆ 1.44ಕ್ಕೆ 1ರಂತೆ ಇಳಿದು, ಸುಮಾರು 0.69 ಆಗುತ್ತದೆ. ಕೆಲಸಕ್ಕೆ 2 ಸೆಕೆಂಡು ಬೇಕು, ಒಟ್ಟು 1.39 ಜೂಲ್. ನಿಧಾನವೇ ಲೇಸೆಂದು ಇಲ್ಲಿಯವರೆಗೆ ಕಾಣುತ್ತದೆ.

ಆದರೆ ಪ್ರೊಸೆಸರೊಂದೇ ಯಂತ್ರವಲ್ಲ. ಅದರ ಸುತ್ತ ಸ್ಮೃತಿಕೋಶವಿದೆ, ಜಾಲಕ್ಕೆ ಸೇರಿಸುವ ಚಿಪ್ ಇದೆ, ವೋಲ್ಟೇಜನ್ನು ಒದಗಿಸುವ ಮಂಡಲಗಳಿವೆ. ಇವೆಲ್ಲ ಎಚ್ಚರವಾಗಿರುವಷ್ಟು ಹೊತ್ತೂ ಒಟ್ಟಿಗೆ 1 ವ್ಯಾಟ್ ಉಣ್ಣುತ್ತವೆ ಎನ್ನೋಣ. ಯಂತ್ರಕ್ಕೆ ನಿದ್ದೆ ಮಾಡಲು ಬಾರದಿದ್ದರೆ, ಎರಡು ಸೆಕೆಂಡಿನ ಅವಧಿಯಲ್ಲಿ ಈ ಬಾಬತ್ತು ಹೇಗೂ 2 ಜೂಲ್. ಓಡಿ ಮುಗಿಸಿದರೆ ಒಟ್ಟು 4 ಜೂಲ್, ನಡೆದು ಮುಗಿಸಿದರೆ 3.39. ಈಗ ಇದೇ ಯಂತ್ರ ಕೆಲಸ ಮುಗಿದೊಡನೆ ಗಾಢನಿದ್ದೆಗೆ ಹೋಗಬಲ್ಲದು, ನಿದ್ದೆಯಲ್ಲಿ ಎಲ್ಲ ಸೇರಿ 0.1 ವ್ಯಾಟ್ ಸಾಕು ಎಂದು ಬದಲಿಸಿ ನೋಡಿ. ಓಡಿ ಮುಗಿಸಿದರೆ ಪ್ರೊಸೆಸರಿಗೆ 2, ಎಚ್ಚರದ ಒಂದು ಸೆಕೆಂಡಿಗೆ 1, ನಿದ್ದೆಯ ಒಂದು ಸೆಕೆಂಡಿಗೆ 0.1, ಒಟ್ಟು 3.1 ಜೂಲ್. ನಡೆದು ಮುಗಿಸಿದರೆ ಮೊದಲಿನ 3.39. ತೀರ್ಪು ತಿರುಗಿಬಿತ್ತು! ಪ್ರೊಸೆಸರು ಬದಲಾಗಲಿಲ್ಲ, ಕೆಲಸ ಬದಲಾಗಲಿಲ್ಲ. ನಿದ್ದೆ ಮಾಡಬಲ್ಲದೋ ಇಲ್ಲವೋ ಎಂಬುದೊಂದೇ ಬದಲಾಯಿತು. ‘ಯಾವ ಗವರ್ನರು ಒಳ್ಳೆಯದು?’ ಎಂದು ನಮ್ಮನ್ನು ಕೇಳುವವರಿಗೆ ನಾವು ಮೊದಲು ‘ನಿಮ್ಮ ಯಂತ್ರ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತದೆ?’ ಎಂದು ಮರುಪ್ರಶ್ನೆ ಹಾಕುವುದು ಇದಕ್ಕಾಗಿಯೇ.

ಈ ವಿದ್ಯೆ ಹುಟ್ಟಿದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಲಿನಕ್ಸಿನಲ್ಲಿ ವೇಗವನ್ನು ಏರಿಸಿಳಿಸುವ ಆರಂಭದ ಪ್ರಯತ್ನಗಳು ದೊಡ್ಡ ಯಂತ್ರಗಳ ಮೇಲೆ ನಡೆದವೆಂದು ಯಾರಾದರೂ ಭಾವಿಸಿಯಾರು. ಹಾಗಲ್ಲ, ಅವು ಸಣ್ಣವುಗಳ ಮೇಲೆಯೇ ನಡೆದವು. ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಯೋಹಾನ್ ಪೌವೆಲ್ಸೆ, ಎರಿಕ್ ಮೌವ್ ಎಂಬವರು 2000–2001ರಲ್ಲಿ ಸ್ಟ್ರಾಂಗ್‌ಆರ್ಮ್ ಎಂಬ ಚಿಪ್ಪಿಗಾಗಿ ಇಂಥ ಕಾರ್ಯಕ್ರಮವನ್ನು ಬರೆದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ರಸೆಲ್ ಕಿಂಗ್ ಅವರು ಎಲ್ಲ ಚಿಪ್ಪುಗಳಿಗೂ ಒಗ್ಗುವ ಚೌಕಟ್ಟಿಗೆ ಅಡಿಪಾಯ ಹಾಕಿದರು. ಡೊಮಿನಿಕ್ ಬ್ರೊಡೊವ್ಸ್ಕಿ ಅವರು ಅದನ್ನು ಬೆಳೆಸಿದರು. ಸ್ಟ್ರಾಂಗ್‌ಆರ್ಮ್ ನಮಗೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಸೇರಿ ರೂಪಿಸಿ, 2001ರಲ್ಲಿ ಲೋಕಕ್ಕೆ ತೋರಿಸಿದ ಸಿಂಪ್ಯೂಟರ್ ಎಂಬ ಕೈಗಣಕದಲ್ಲಿ ಇದ್ದುದು ಇದೇ ಕುಲದ ಚಿಪ್. ನಡೆಯುತ್ತಿದ್ದುದು ಲಿನಕ್ಸಿನ ಮೇಲೆಯೇ. ಸಿಂಪ್ಯೂಟರ್ ಜನಸಾಮಾನ್ಯರ ಕೈ ಸೇರಲಿಲ್ಲ. ಆದರೆ ಬಡವನ ಕೈಯಲ್ಲಿರಬೇಕಾದ ಯಂತ್ರ ಬ್ಯಾಟರಿಯನ್ನು ಎಷ್ಟು ಹೊತ್ತು ಬಾಳಿಸಬೇಕೆಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಅಷ್ಟು ಹಿಂದೆಯೇ ಎದ್ದಿತ್ತೆಂಬುದನ್ನು ಮರೆಯಬಾರದು.

ಇನ್ನು ಗವರ್ನರುಗಳ ಪರಿಚಯ. ‘ಪರ್ಫಾರ್ಮೆನ್ಸ್’ ಎಂಬುದು ಸದಾ ತುದಿಯ ವೇಗದಲ್ಲಿ ಓಡಿಸುತ್ತದೆ. ‘ಪವರ್‌ಸೇವ್’ ಸದಾ ತಳದ ವೇಗದಲ್ಲಿಯೇ ಇರಿಸುತ್ತದೆ. ಹೆಸರಿಗೆ ಮರುಳಾಗಬಾರದು, ಮೇಲಿನ ಲೆಕ್ಕವನ್ನು ನೋಡಿದವರಿಗೆ ಇದು ಪ್ರತಿಸಲವೂ ಶಕ್ತಿಯನ್ನು ಉಳಿಸಲಾರದೆಂಬುದು ಸ್ಪಷ್ಟ. ಮತ್ತೊಂದು ಎಚ್ಚರಿಕೆ: ಇಂಟೆಲ್ ಚಿಪ್ಪುಗಳ ಸ್ವಂತ ಚಾಲಕದಲ್ಲಿ ‘ಪವರ್‌ಸೇವ್’ ಎಂಬ ಇದೇ ಹೆಸರಿನ ಕ್ರಮ ಬೇರೆಯೇ ಬಗೆಯದು, ಅದು ಹೊರೆಗೆ ತಕ್ಕಂತೆ ವೇಗವನ್ನು ಬದಲಿಸುತ್ತದೆ. ‘ಯೂಸರ್‌ಸ್ಪೇಸ್’ ಎಂಬುದು ತಾನಾಗಿ ಏನನ್ನೂ ನಿರ್ಧರಿಸದೆ ಹೊರಗಿನ ಕಾರ್ಯಕ್ರಮ ಹೇಳಿದ ವೇಗವನ್ನು ಇಟ್ಟುಕೊಳ್ಳುತ್ತದೆ. ಮೊದಮೊದಲು ಲಿನಕ್ಸಿನ ಹಿರಿಯರ ಮತ ಇದೇ ಆಗಿತ್ತು: ಸಾಧನವನ್ನು ಒದಗಿಸುವುದಷ್ಟೇ ಕರ್ನಲ್ಲಿನ ಕೆಲಸ, ನೀತಿ ಹೊರಗಿನವರದು. ಆದರೆ ಹೊರಗಿನ ಕಾರ್ಯಕ್ರಮ ಹೊರೆಯನ್ನು ನೋಡಿ, ಯೋಚಿಸಿ, ಅಪ್ಪಣೆ ಕೊಡುವಷ್ಟರಲ್ಲಿ ಹೊರೆಯೇ ಮುಗಿದಿರುತ್ತಿತ್ತು. ಆದುದರಿಂದ 2004ರಲ್ಲಿ ‘ಆನ್‌ಡಿಮ್ಯಾಂಡ್’ ಎಂಬ ಗವರ್ನರು ಕರ್ನಲ್ಲಿನ ಒಳಗೇ ಬಂದಿತು.

ಆನ್‌ಡಿಮ್ಯಾಂಡ್ ನಿಯತಕಾಲಕ್ಕೊಮ್ಮೆ ಹಿಂದಿನ ಅವಧಿಯಲ್ಲಿ ಪ್ರೊಸೆಸರು ನೂರಕ್ಕೆ ಎಷ್ಟು ಪಾಲು ದುಡಿಯಿತೆಂದು ನೋಡುತ್ತದೆ. ಗೊತ್ತುಮಾಡಿದ ಮಿತಿಯನ್ನು ಮೀರಿದ್ದರೆ ಮೆಟ್ಟಿಲು ಹತ್ತದೆ ಒಂದೇ ನೆಗೆತಕ್ಕೆ ತುದಿಯ ವೇಗಕ್ಕೆ ಏರಿಸುತ್ತದೆ; ಇಲ್ಲವಾದರೆ ಹೊರೆಯ ಪ್ರಮಾಣಕ್ಕೆ ಇಳಿಸುತ್ತದೆ. ಇದರ ತಮ್ಮನಂತಿರುವ ‘ಕನ್ಸರ್ವೆಟಿವ್’ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಸಾಮಾನ್ಯವಾಗಿ ಒಂದು ಮೆಟ್ಟಿಲು ಎಂದರೆ ತುದಿಯ ವೇಗದ ನೂರಕ್ಕೆ 5 ಪಾಲು. 600ರಿಂದ 1200 ಮೆಗಾಹರ್ಟ್ಸಿಗೆ ಏರಲು 60ರಂತೆ ಹತ್ತು ಮೆಟ್ಟಿಲು. ಮೆಟ್ಟಿಲಿಗೆ ಹತ್ತನೆಯ ಒಂದು ಸೆಕೆಂಡೆಂದರೂ ಒಂದು ಸೆಕೆಂಡಾಯಿತು. ಮನುಷ್ಯ ಕೀಲಿಯನ್ನು ಒತ್ತಿ ಕಾಯುತ್ತಿರುವ ಕಡೆ ಇದು ನಮಗೆ ಒಪ್ಪಿಗೆಯಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ತುದಿಯ ವೇಗವನ್ನು ಮುಟ್ಟಿ ಏನು ಪ್ರಯೋಜನ?

2016ರಲ್ಲಿ, 4.7ನೆಯ ಕರ್ನಲ್ಲಿನೊಂದಿಗೆ, ರಾಫೆಲ್ ವೈಸೊಕಿ ಅವರ ‘ಶೆಡ್‌ಯುಟಿಲ್’ ಬಂದಿತು. ಕೆಲಸಗಳನ್ನು ಪ್ರೊಸೆಸರಿಗೆ ಹಂಚುವ ಭಾಗಕ್ಕೆ ಯಾವ ಕೆಲಸ ಎಷ್ಟು ಭಾರವೆಂಬುದು ಮೊದಲೇ ತಿಳಿದಿರುತ್ತದೆ. ಅದನ್ನು ಬಿಟ್ಟು ಗವರ್ನರು ಹೊರಗೆ ನಿಂತು ಇಣುಕಿ ನೋಡುವುದೇಕೆ ಎಂಬುದು ಇದರ ಹಿಂದಿನ ವಿಚಾರ. ಹಂಚುವ ಭಾಗ ಹಿಂದಿನ ದುಡಿಮೆಯ ನೆನಪನ್ನು ಇಟ್ಟುಕೊಂಡಿರುತ್ತದೆ. 32 ಮಿಲಿಸೆಕೆಂಡು ಕಳೆದಂತೆ ಆ ನೆನಪಿನ ತೂಕ ಅರ್ಧಕ್ಕಿಳಿಯುತ್ತದೆ. ಹೀಗೆ ಬಂದ ಹೊರೆಯ ಅಂದಾಜಿಗೆ ಕಾಲುಭಾಗ ಸೇರಿಸಿ ಶೆಡ್‌ಯುಟಿಲ್ ವೇಗವನ್ನು ಕೇಳುತ್ತದೆ. ಹೊರೆ ನೂರಕ್ಕೆ 60 ಆದರೆ 75 ಪಾಲು ವೇಗ, ಎಂದರೆ 1200ಕ್ಕೆ 900 ಮೆಗಾಹರ್ಟ್ಸ್. ಹೊರೆ 80 ಮುಟ್ಟಿದೊಡನೆ ಪೂರ್ಣ ವೇಗ. ಕಾಲುಭಾಗ ಹೆಚ್ಚು ಕೇಳುವುದು ದುಂದಲ್ಲ; ನಾಲ್ಕು ಜನಕ್ಕೆ ಅಡಿಗೆಯಿಡುವಾಗ ಐದನೆಯವರಿಗೂ ಒಂದು ಹಿಡಿ ಅಕ್ಕಿ ಹಾಕುವ ಜಾಣ್ಮೆ. ಈಚಿನ ಕರ್ನಲ್ಲುಗಳಲ್ಲಿ ಆರ್ಮ್ ಕುಲದ ಚಿಪ್ಪುಗಳಿಗೆ ಮೊದಲಿಟ್ಟ ಕ್ರಮ ಇದೇ. ದೊಡ್ಡ ಎತ್ತು, ಸಣ್ಣ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆ ಎರಡು ಬಗೆಯ ಕೋರ್‌ಗಳಿರುವ ಚಿಪ್ಪುಗಳಲ್ಲಿ, 2019ರಲ್ಲಿ ಕರ್ನಲ್ಲಿಗೆ ಸೇರಿದ ಶಕ್ತಿಯರಿತು ಕೆಲಸ ಹಂಚುವ ಪದ್ಧತಿ ನಡೆಯಬೇಕಾದರೆ ಶೆಡ್‌ಯುಟಿಲ್ ಇರಲೇಬೇಕು. ಅಲ್ಲಿ ಆರಿಸುವ ಮಾತೇ ಇಲ್ಲ.

ಈಗ ಒಂದು ನಿಜವಾದ ಯಂತ್ರವನ್ನು ತೆಗೆದುಕೊಳ್ಳೋಣ. 2016ರಲ್ಲಿ ಬಂದ ರಾಸ್ಪ್‌ಬೆರಿ ಪೈ 3 ನಮ್ಮ ಮನೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ನಾಲ್ಕು ಕೋರ್‌ಗಳು; ತುದಿಯ ವೇಗ 1200, ತಳದ್ದು 600 ಮೆಗಾಹರ್ಟ್ಸ್. ಇದರ ತಯಾರಕರು ಒದಗಿಸಿದ ಕರ್ನಲ್ಲಿನಲ್ಲಿ ಬಹುಕಾಲ ಮೊದಲಿಟ್ಟ ಗವರ್ನರು ‘ಪವರ್‌ಸೇವ್’ ಆಗಿತ್ತು. ಹಾಗಾದರೆ ಯಂತ್ರಗಳೆಲ್ಲ ಅರ್ಧ ವೇಗದಲ್ಲಿ ತೆವಳಬೇಕಿತ್ತಲ್ಲ? ತೆವಳಲಿಲ್ಲ. ಏಕೆಂದರೆ ಅವರದೇ ವ್ಯವಸ್ಥೆಯಲ್ಲಿ, ಯಂತ್ರ ಎದ್ದು ನಿಲ್ಲುವಾಗ ನಡೆಯುವ ಒಂದು ಸಣ್ಣ ಕಾರ್ಯಕ್ರಮ ಗವರ್ನರನ್ನು ಆನ್‌ಡಿಮ್ಯಾಂಡಿಗೆ ಬದಲಿಸುತ್ತಿತ್ತು. ಆದರೆ ಅದೇ ಕರ್ನಲ್ಲನ್ನು ತೆಗೆದುಕೊಂಡು ಬೇರೆ ವ್ಯವಸ್ಥೆಯನ್ನು ಕಟ್ಟಿಕೊಂಡವನಿಗೆ ಆ ಕಾರ್ಯಕ್ರಮ ಇಲ್ಲ. ಅವನ ಯಂತ್ರ 600ರಲ್ಲಿಯೇ ನಿಂತುಬಿಡುತ್ತದೆ, ಕಾರಣ ಅವನಿಗೆ ತಿಳಿಯುವುದಿಲ್ಲ. ಮೊದಲಿಟ್ಟ ಕ್ರಮ ಒಂದೇ ಕಡೆ ಇರುತ್ತದೆಂದು ನಂಬಬಾರದು. ಒಂದು ಕರ್ನಲ್ಲನ್ನು ಕಟ್ಟುವಾಗ, ಇನ್ನೊಂದು ಯಂತ್ರ ಏಳುವಾಗ ಕೊಡುವ ಸೂಚನೆಯಲ್ಲಿ, ಮತ್ತೊಂದು ಎದ್ದ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ; ಕಡೆಗೆ ಬರೆದವನ ಮಾತು ಉಳಿಯುತ್ತದೆ.

ಆ ಸಣ್ಣ ಕಾರ್ಯಕ್ರಮ ಇಟ್ಟ ಅಂಕಿಗಳು ಓದಿ ಕಲಿಯತಕ್ಕವು. ಹೊರೆಯನ್ನು ನೋಡುವ ಅವಧಿ ಹತ್ತನೆಯ ಒಂದು ಸೆಕೆಂಡು. ತುದಿಗೆ ನೆಗೆಯುವ ಮಿತಿ ನೂರಕ್ಕೆ 50. ಸಾಮಾನ್ಯವಾಗಿ ಇರುವ 80 ಅಥವಾ 95 ಅಲ್ಲ. ಮೂರನೆಯದಾಗಿ, ತುದಿಯನ್ನು ಮುಟ್ಟಿದ ಮೇಲೆ ಇಳಿಯಬೇಕೇ ಎಂದು ಮತ್ತೆ ನೋಡುವುದು 50 ಅವಧಿಗಳ ನಂತರ, ಎಂದರೆ 5 ಸೆಕೆಂಡು ಕಳೆದು. ಏರುವುದಕ್ಕೆ ಅವಸರ, ಇಳಿಯುವುದಕ್ಕೆ ಸಾವಕಾಶ. ಪುಸ್ತಕದ ಪಟ್ಟಿಯಲ್ಲಿ ಹುಡುಕುವ ವಾಚಕರನ್ನು ನೆನೆದುಕೊಳ್ಳಿ. ಹೆಸರಿನ ಮೊದಲ ಎರಡಕ್ಷರ ಒತ್ತುತ್ತಾರೆ, ನೋಡುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಮತ್ತೆ ಒತ್ತುತ್ತಾರೆ. ಒತ್ತಿದಾಗಲೆಲ್ಲ ತಳದಿಂದ ಏಳಬೇಕಾದರೆ ಪ್ರತಿ ಪುಟವೂ ತಡವರಿಸುತ್ತದೆ. ಒತ್ತಕ್ಷರಗಳನ್ನೂ ಗುಣಿತವನ್ನೂ ಜೋಡಿಸಿ ಕನ್ನಡದ ಪುಟವನ್ನು ಬಿಡಿಸುವುದು ಪ್ರೊಸೆಸರಿಗೆ ರೋಮನ್ ಅಕ್ಷರಗಳಿಗಿಂತ ಹೆಚ್ಚಿನ ದುಡಿಮೆ ಎಂಬುದೂ ನೆನಪಿರಲಿ. ಐದು ಸೆಕೆಂಡು ತುದಿಯಲ್ಲಿ ಕಾದರೆ ಈ ತೊಂದರೆ ಕಳೆಯುತ್ತದೆ. ಅವರು ಎದ್ದುಹೋದ ಮೇಲೆ ಯಂತ್ರ ತಾನೇ ಇಳಿಯುತ್ತದೆ. ಇದು ಮನುಷ್ಯರನ್ನು ಬಲ್ಲವರು ಇಟ್ಟ ಅಂಕಿಯೆಂದು ನಮಗೆ ಅನ್ನಿಸುತ್ತದೆ.

ಸಣ್ಣ ಯಂತ್ರಗಳಿಗೆ ವಿಶೇಷವಾದ ಇನ್ನೊಂದು ಗಂಟು ಉಂಟು. ಅವುಗಳ ಉಗ್ರಾಣವೆಂದರೆ ಉಗುರಿನಷ್ಟು ಅಗಲದ ಮೆಮೊರಿ ಕಾರ್ಡು. ಅದು ಬಲು ನಿಧಾನ. ಕಾರ್ಡಿನಿಂದ ಮಾಹಿತಿ ಬರಲೆಂದು ಪ್ರೊಸೆಸರು ಕಾಯುತ್ತಿರುವಾಗ ಅದನ್ನು ದುಡಿಮೆಯೆಂದು ಎಣಿಸಬೇಕೋ, ವಿರಾಮವೆಂದೋ? ಆನ್‌ಡಿಮ್ಯಾಂಡಿನಲ್ಲಿ ಇದಕ್ಕೊಂದು ಕೀಲಿಯಿದೆ. ಆರ್ಮ್ ಯಂತ್ರಗಳಲ್ಲಿ ಅದು ಮೊದಲಿಗೆ ‘ವಿರಾಮ’ ಎಂಬ ಕಡೆ ಇರುತ್ತದೆ. ಹಾಗಾಗಿ ಕಾರ್ಡನ್ನು ಓದುತ್ತಿರುವಾಗ ಗವರ್ನರು ಪ್ರೊಸೆಸರು ಸುಮ್ಮನಿದೆಯೆಂದು ತಿಳಿದು ವೇಗವನ್ನು ಇಳಿಸುತ್ತದೆ. ಮಾಹಿತಿ ಬಂದಾಗ ಅದನ್ನು ನಿಧಾನವಾಗಿ ಸಂಸ್ಕರಿಸಿ, ಮುಂದಿನದನ್ನು ತಡವಾಗಿ ಕೇಳುತ್ತದೆ. ಕಾರ್ಡಿನ ಆಮೆಯ ಓಟಕ್ಕೆ ಪ್ರೊಸೆಸರಿನ ಆಮೆಯ ಓಟವೂ ಸೇರಿದಂತಾಯಿತು. ಕಾರ್ಡಿನಿಂದ ಹೆಚ್ಚಾಗಿ ಓದಿ ಬರೆಯುವ ಯಂತ್ರವಾದರೆ ಆ ಕೀಲಿಯನ್ನು ತಿರುಗಿಸಿಡುವುದು ಲೇಸು. ಶೆಡ್‌ಯುಟಿಲ್‌ನಲ್ಲಿ ಇಂಥ ಕಾಯುವಿಕೆಯನ್ನು ಗುರುತಿಸಿ ಸ್ವಲ್ಪ ಹೊತ್ತು ವೇಗವನ್ನು ಏರಿಸುವ ಏರ್ಪಾಡು ಒಳಗೇ ಇದೆ.

ಹಾಗೆಂದು ಶೆಡ್‌ಯುಟಿಲ್ ಎಲ್ಲೆಡೆಯೂ ಒಗ್ಗುತ್ತದೆನ್ನಲಾಗದು. ಅದು ಮೇಲಿಂದ ಮೇಲೆ ವೇಗವನ್ನು ಬದಲಿಸಲು ಬಯಸುತ್ತದೆ. ಕೆಲವು ಚಿಪ್ಪುಗಳಲ್ಲಿ ಬದಲಾವಣೆ ಕ್ಷಣದಲ್ಲಿ ಆಗುತ್ತದೆ. ಇನ್ನು ಕೆಲವದರಲ್ಲಿ ಹೊರಗಿರುವ ವೋಲ್ಟೇಜ್ ಚಿಪ್ಪಿಗೆ ನಿಧಾನವಾದ ತಂತಿಯ ಮೂಲಕ ಹೇಳಿಕಳಿಸಬೇಕು. ರಾಸ್ಪ್‌ಬೆರಿ ಪೈಯಲ್ಲಂತೂ ಲಿನಕ್ಸಿಗೆ ಗಡಿಯಾರದ ಮೇಲೆ ನೇರ ಅಧಿಕಾರವೇ ಇಲ್ಲ. ಒಳಗಿರುವ ಮತ್ತೊಂದು ಕಾರ್ಯಕ್ರಮಕ್ಕೆ ಅರ್ಜಿ ಸಲ್ಲಿಸಿ ಉತ್ತರಕ್ಕೆ ಕಾಯಬೇಕು. ಕಚೇರಿಯ ಗುಮಾಸ್ತರ ಅನುಭವವಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರ್ಜಿಗಳು ಹೆಚ್ಚಾದಷ್ಟೂ ಕೆಲಸ ಕಡಮೆಯಾಗುವ ಇಂಥ ಯಂತ್ರಗಳಲ್ಲಿ, ಎರಡು ಬದಲಾವಣೆಗಳ ನಡುವಿನ ಕನಿಷ್ಠ ಅಂತರವನ್ನು ಹೆಚ್ಚಿಸಬೇಕು, ಇಲ್ಲವೇ ಆನ್‌ಡಿಮ್ಯಾಂಡನ್ನೇ ಇಡಬೇಕು.

ವಿದ್ಯುತ್ತಿನ ತಂತಿಯ ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ನಮ್ಮಲ್ಲಿ ಹೆಚ್ಚಿನ ಯಂತ್ರಗಳು ಕೆಡುವುದು ಇಲ್ಲಿಯೇ. ಮನೆಯಲ್ಲಿ ಬಿದ್ದಿದ್ದ ಫೋನಿನ ಚಾರ್ಜರು, ಫುಟ್‌ಪಾತಿನಲ್ಲಿ ಕೊಂಡ ತೆಳು ತಂತಿ. ಇವನ್ನು ಸೇರಿಸಿ ಯಂತ್ರವನ್ನು ನಡೆಸುತ್ತಾರೆ. ಚಾರ್ಜರು 5.1 ವೋಲ್ಟ್ ಕೊಡುತ್ತದೆ, ತಂತಿಯ ಪ್ರತಿರೋಧ 0.4 ಓಮ್, ಯಂತ್ರ ಎಳೆಯುವುದು 1.2 ಆಂಪಿಯರ್ ಎನ್ನಿ. ತಂತಿಯಲ್ಲೇ 0.48 ವೋಲ್ಟ್ ಕಳೆದು ಯಂತ್ರಕ್ಕೆ ಸಿಕ್ಕುವುದು 4.62. ಪೈ 3ರಂಥ ಹಲಗೆಗಳಲ್ಲಿ 4.63 ವೋಲ್ಟಿಗಿಂತ ಕೆಳಗೆ ಬಂದರೆ ಅಪಾಯಸೂಚನೆ. ತೆರೆಯ ಮೂಲೆಯಲ್ಲಿ ಸಿಡಿಲಿನ ಗುರುತು ಕಾಣುತ್ತದೆ, ವೇಗವೂ ತಾನಾಗಿ ಕಡಿತವಾಗುತ್ತದೆ. ಇಂಥ ತಂತಿಯನ್ನಿಟ್ಟುಕೊಂಡು ‘ಪರ್ಫಾರ್ಮೆನ್ಸ್’ ಗವರ್ನರನ್ನು ಆರಿಸಿದವರಿಗೆ ಸಿಕ್ಕುವುದು ವೇಗವಲ್ಲ, ಏರುಪೇರು. ವೋಲ್ಟೇಜು ಇನ್ನೂ ಕುಸಿದರೆ ಕಾರ್ಡಿಗೆ ಬರೆಯುತ್ತಿರುವಾಗಲೇ ಯಂತ್ರ ನಿಂತು ಕಡತಗಳು ಹಾಳಾಗಬಹುದು. ವರ್ಷಗಟ್ಟಲೆ ಕುಳಿತು ಬೆರಳಚ್ಚು ಮಾಡಿದ ಪುಸ್ತಕಪಟ್ಟಿ ಅದರಲ್ಲಿದ್ದರೆ ನಷ್ಟವೆಷ್ಟೆಂದು ಊಹಿಸಿಕೊಳ್ಳಿ. ಮೊದಲು ಒಳ್ಳೆಯ ತಂತಿಯನ್ನು ಕೊಳ್ಳಿ. ಗವರ್ನರಿನ ವಿಚಾರ ಆಮೇಲೆ.

ಕಾವಿನ ವಿಷಯವೂ ಹೀಗೆಯೇ. ಮುಂಬಯಿಯ ಮೇ ತಿಂಗಳಿನಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿರುವ ಯಂತ್ರ, ದೆಹಲಿಯ ಜೂನಿನ ಬಿಸಿಗಾಳಿಯಲ್ಲಿ ಕಿಟಕಿಯ ಬಳಿ ಇಟ್ಟ ಯಂತ್ರ, ಇವು ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾದ ಯಂತ್ರದಂತೆ ನಡೆಯಲಾರವು. ಚಿಪ್ಪು ಬಿಸಿಯಾದಷ್ಟೂ ನಾವು ಹಿಂದೆ ಹೇಳಿದ ಸೋರಿಕೆ ಹೆಚ್ಚುತ್ತದೆ. ಸೋರಿಕೆ ಹೆಚ್ಚಿದಷ್ಟೂ ಮತ್ತೆ ಬಿಸಿ. 80 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಪೈ 3 ತನ್ನ ವೇಗವನ್ನು ತಾನೇ ಕಡಿಯತೊಡಗುತ್ತದೆ. ಸದಾ ತುದಿಯಲ್ಲಿ ಓಡಿಸಿದ ಯಂತ್ರ ಮಧ್ಯಾಹ್ನ ಎರಡು ಗಂಟೆಗೆ, ಅತ್ಯಂತ ಹೆಚ್ಚು ಜನ ಬಂದ ಹೊತ್ತಿನಲ್ಲಿ, ಅತ್ಯಂತ ನಿಧಾನವಾಗಿರುವುದು ಇದರಿಂದಲೇ. ಬೆಳಗಿನ ತಂಪಿನಲ್ಲಿ ಪರೀಕ್ಷಿಸಿ ‘ಎಲ್ಲ ಸರಿಯಾಗಿದೆ’ ಎಂದು ಸಹಿ ಹಾಕಿದವರಿಗೆ ಇದು ಕಾಣುವುದಿಲ್ಲ.

ಹಣದ ಉಳಿತಾಯಕ್ಕಾಗಿ ಇಷ್ಟೆಲ್ಲ ಬೇಕೇ ಎಂದು ಕೆಲವರು ಕೇಳಬಹುದು. ಗೋಡೆಯ ವಿದ್ಯುತ್ತಿನ ಮೇಲೆ ನಡೆಯುವ ಒಂದು ಯಂತ್ರದ ಮಟ್ಟಿಗೆ, ಬೇಕಿಲ್ಲ. ವರ್ಷವಿಡೀ ಹಗಲಿರುಳು 1 ವ್ಯಾಟ್ ಉಳಿಸಿದರೆ 8.76 ಯೂನಿಟ್ ಆಯಿತು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 70 ರೂಪಾಯಿ. ಅಲ್ಲಿ ಲೆಕ್ಕಕ್ಕೆ ಬರುವುದು ಕಾವು ಮತ್ತು ಬಾಳಿಕೆ. ಬ್ಯಾಟರಿಯ ಮಾತು ಬೇರೆ. ಫೋನಿಗೆಂದು ಮಾರುವ 10,000 ಮಿಲಿಆಂಪಿಯರ್ ಗಂಟೆಯ ಪವರ್ ಬ್ಯಾಂಕಿನ ಒಳಗೆ 3.7 ವೋಲ್ಟಿನಂತೆ 37 ವ್ಯಾಟ್ ಗಂಟೆಯ ಶಕ್ತಿ ಇರುತ್ತದೆ. ವೋಲ್ಟೇಜನ್ನು ಏರಿಸುವಾಗ ಒಂದಿಷ್ಟು ಕಳೆದು 31 ಉಳಿಯಿತೆನ್ನೋಣ. 3 ವ್ಯಾಟ್ ಉಣ್ಣುವ ಯಂತ್ರ ಅದರ ಮೇಲೆ 10 ಗಂಟೆಯ ಮೇಲೆ ಸ್ವಲ್ಪ ನಡೆದೀತು. 2 ವ್ಯಾಟ್ ಉಣ್ಣುವುದು 15 ಗಂಟೆಯನ್ನು ದಾಟುತ್ತದೆ. ವಿದ್ಯುತ್ತು ಬಂದು ಹೋಗುವ ಹಳ್ಳಿಯ ಶಾಲೆಗೆ ಊರಿನ ಹಳೆಯ ವಿದ್ಯಾರ್ಥಿಗಳು ಕಳುಹಿಸುವ ಯಂತ್ರದಲ್ಲಿ ಈ ಐದು ಗಂಟೆಯೆಂದರೆ ಇಡೀ ಒಂದು ದಿನದ ಪಾಠ. ಇನ್ನು ತಯಾರಕರ ಲೆಕ್ಕ: ಹತ್ತು ಲಕ್ಷ ಯಂತ್ರಗಳಲ್ಲಿ ಒಂದೊಂದು ವ್ಯಾಟ್ ಎಂದರೆ ಹತ್ತು ಲಕ್ಷ ವ್ಯಾಟ್, ಅದನ್ನು ಹಗಲಿರುಳು ಒದಗಿಸಲು ಎಲ್ಲಿಯೋ ಒಂದು ಕಡೆ ಕಲ್ಲಿದ್ದಲು ಉರಿಯುತ್ತಿರಬೇಕು.

ಹಾಗಾದರೆ ನಾವು ಏನನ್ನು ಇಡುತ್ತೇವೆ? ಜನ ಎದುರಿಗೆ ಕುಳಿತು ಬಳಸುವ, ಗೋಡೆಯ ವಿದ್ಯುತ್ತಿನ ಯಂತ್ರಕ್ಕೆ ಶೆಡ್‌ಯುಟಿಲ್, ಅಥವಾ ಹಳೆಯ ಪೈ ಮೊದಲಾದವುಗಳಲ್ಲಿ ಮೇಲೆ ಹೇಳಿದ ಅಂಕಿಗಳ ಆನ್‌ಡಿಮ್ಯಾಂಡ್. ನೀರಿನ ಟಾಂಕಿಯನ್ನು ಹತ್ತು ನಿಮಿಷಕ್ಕೊಮ್ಮೆ ನೋಡುವ ಬ್ಯಾಟರಿಯ ಯಂತ್ರದಲ್ಲಿ ಗವರ್ನರಿಗಿಂತ ನಿದ್ದೆ ಮುಖ್ಯ. ನಿದ್ದೆ ಬಲ್ಲದ್ದಾದರೆ ಬೇಗ ಓಡಿ ಮುಗಿಸಿ ಮಲಗಲಿ. ಪೈ 4ರ ವರೆಗಿನ ಹಲಗೆಗಳಿಗೆ ಸ್ಮೃತಿಯನ್ನು ಉಳಿಸಿಕೊಂಡು ಮಲಗುವ ಗಾಢನಿದ್ದೆ ಬಾರದು. ಇಂಥ ಕೆಲಸಕ್ಕೆ ಅವನ್ನು ಆರಿಸುವುದೇ ತಪ್ಪು. ಕಚೇರಿಯಲ್ಲಿ ಕ್ಷಣವೂ ತಪ್ಪದೆ ಧ್ವನಿಯನ್ನು ಮುದ್ರಿಸಿಕೊಳ್ಳುವಂಥ ಯಂತ್ರಕ್ಕೆ ವೇಗದ ಏರಿಳಿತವೇ ಅಡ್ಡಿಯಾಗಬಹುದು. ಅಲ್ಲಿ ಮಾತ್ರ ವೇಗವನ್ನು ಒಂದೇ ಮಟ್ಟದಲ್ಲಿ ಕಟ್ಟಿಹಾಕುವುದಕ್ಕೆ ನಮ್ಮ ಒಪ್ಪಿಗೆಯುಂಟು. ಆ ಮಟ್ಟ ತುದಿಯದೇ ಆಗಬೇಕೆಂದಿಲ್ಲ; ಕೆಲಸಕ್ಕೆ ಸಾಕಾಗುವ ನಡುವಣದು ಸಿಕ್ಕರೆ ಕಾವೂ ಕಡಮೆ.

ಆರಿಸಿದ ಮೇಲೆ ಅಳೆಯದೆ ಬಿಡಬಾರದು. ಕರ್ನಲ್ಲು ತಾನೇ ಒಂದು ಖಾತೆಯನ್ನು ಇಟ್ಟಿರುತ್ತದೆ: ‘ಟೈಮ್ ಇನ್ ಸ್ಟೇಟ್’ ಎಂಬ ಕಡತದಲ್ಲಿ ಯಾವ ವೇಗದಲ್ಲಿ ಎಷ್ಟು ಹೊತ್ತು ಕಳೆಯಿತೆಂದು ಬರೆದಿರುತ್ತದೆ, ಪಕ್ಕದ ಇನ್ನೊಂದು ಕಡತದಲ್ಲಿ ಎಷ್ಟು ಸಲ ವೇಗ ಬದಲಾಯಿತೆಂಬುದು ಸಿಕ್ಕುತ್ತದೆ. ಒಂದು ವಾರ ಯಂತ್ರವನ್ನು ಅದರ ನಿಜವಾದ ಸ್ಥಳದಲ್ಲಿ, ನಿಜವಾದ ಜನರ ಕೈಯಲ್ಲಿ ಬಿಟ್ಟು, ಆಮೇಲೆ ಈ ಖಾತೆಯನ್ನು ಓದಿ. ತುದಿಯಲ್ಲಿಯೇ ಹೆಚ್ಚು ಹೊತ್ತು ಕಳೆದಿದ್ದರೆ, ಹಿಂದೆ ಯಾವುದೋ ಕಾರ್ಯಕ್ರಮ ಸುಮ್ಮನೆ ಸುತ್ತುತ್ತಿದೆಯೆಂದು ತಿಳಿಯಿರಿ. ಅದನ್ನು ಹಿಡಿದು ನಿಲ್ಲಿಸುವುದು ಗವರ್ನರನ್ನು ಬದಲಿಸುವುದಕ್ಕಿಂತ ದೊಡ್ಡ ಉಳಿತಾಯ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕುವ, ಪ್ಲಗ್ಗಿಗೂ ತಂತಿಗೂ ನಡುವೆ ಸೇರಿಸುವ ಸಣ್ಣ ಮಾಪಕದಿಂದ ವ್ಯಾಟನ್ನೂ ನೋಡಬಹುದು. ಸುಮ್ಮನಿರುವಾಗ ಒಂದು ಸಲ, ಪಟ್ಟಿಯಲ್ಲಿ ಹುಡುಕುವಾಗ ಒಂದು ಸಲ, ನಾಲ್ಕೂ ಕೋರ್‌ಗಳು ದುಡಿಯುವಾಗ ಒಂದು ಸಲ ಬರೆದುಕೊಳ್ಳಿ; ಜೊತೆಗೆ ಚಿಪ್ಪಿನ ಉಷ್ಣತೆಯನ್ನೂ, ಕೋಣೆಯ ಉಷ್ಣತೆಯನ್ನೂ. ಇದೇ ಅಳತೆಯನ್ನು ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳಿನಲ್ಲಿ ಒಮ್ಮೆ ಮಾಡಿ, ಎರಡು ಹಾಳೆಗಳನ್ನೂ ಯಂತ್ರದ ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿಡಿ. ನಿಮ್ಮ ನಂತರ ಅದನ್ನು ನೋಡಿಕೊಳ್ಳುವವರಿಗೆ ಯಾವ ಗವರ್ನರನ್ನು ಏಕೆ ಇಟ್ಟಿದ್ದೀರೆಂಬುದು ಅಲ್ಲಿಯೇ ಕಾಣುತ್ತದೆ.